ಒಂದು ಕಡಲ ದಂಡೆ, ಎರಡು ಮನೆಯ ವಾರಸುದಾರರು

ಚಿತ್ರದ ಅಳತೆಯಿಂದಲೇ ಶುರು ಮಾಡೋಣ. ಎತ್ತರ ಸುಮಾರು 90 ಸೆಂಟಿಮೀಟರ್. ನೆಲದ ಮೇಲೆ ನಿಲ್ಲಿಸಿದರೆ ನಮ್ಮ ಸೊಂಟದ ಮಟ್ಟಕ್ಕೆ ಬರುತ್ತದೆ, ಅಷ್ಟೆ. ಉದ್ದ ಮಾತ್ರ ನಾಲ್ಕು ಮೀಟರ್‌ಗೂ ಸ್ವಲ್ಪ ಜಾಸ್ತಿ. ಇಂಥ ಚಿತ್ರವನ್ನು ಯಾರೂ ಮನೆಯ ಸೋಫಾದ ಹಿಂದೆ ತೂಗುಹಾಕಲು ಬರೆಸುವುದಿಲ್ಲ. ಗೋಡೆಯ ಉದ್ದಕ್ಕೂ ಸೀರೆಯ ಅಂಚಿನ ಹಾಗೆ ಓಡಲಿ ಅಂತ ಬರೆದ ಚಿತ್ರ ಇದು. ಬರೆದವನು ನಾರ್ವೆಯ ಎಡ್ವರ್ಡ್ ಮುಂಕ್. ಕಾಲ 1906. ಚಿತ್ರದ ಹೆಸರು ‘ಕಡಲ ದಂಡೆಯ ಮೇಲೆ ನೃತ್ಯ’.

2023ರ ಮಾರ್ಚ್ 1ರಂದು ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಈ ಚಿತ್ರ 1 ಕೋಟಿ 69 ಲಕ್ಷ ಪೌಂಡಿಗೆ ಮಾರಾಟವಾಯಿತು. ದುಡ್ಡು ಒಂದು ಮನೆಗೆ ಹೋಗಲಿಲ್ಲ. ಒಂದು ಪಾಲು 89 ವರ್ಷ ಚಿತ್ರವನ್ನು ಇಟ್ಟುಕೊಂಡಿದ್ದ ನಾರ್ವೆಯ ಓಲ್ಸನ್ ಕುಟುಂಬಕ್ಕೆ. ಇನ್ನೊಂದು ಪಾಲು, 1933ರಲ್ಲಿ ಬರ್ಲಿನ್ ಬಿಟ್ಟು ಓಡಬೇಕಾಗಿ ಬಂದ ಕುರ್ಟ್ ಗ್ಲಾಸರ್ ಎಂಬ ಯಹೂದಿ ಕಲಾ ಇತಿಹಾಸಕಾರನ ವಾರಸುದಾರರಿಗೆ. ಓಲ್ಸನ್ ಮನೆಯವರು ಚಿತ್ರ ಕದ್ದವರಲ್ಲ. ಹರಾಜಿನಲ್ಲಿ ದುಡ್ಡು ಕೊಟ್ಟು ತಂದವರು. ಹಾಗಿದ್ದ ಮೇಲೆ ಪಾಲು ಯಾಕೆ ಕೊಟ್ಟರು? ಇಡೀ ಪ್ರಕರಣ ಇರುವುದು ಈ ಪ್ರಶ್ನೆಯಲ್ಲೇ.

ಅದಕ್ಕೂ ಮೊದಲು ಆ ದಂಡೆಯನ್ನೊಮ್ಮೆ ನೋಡಬೇಕು.

ಓಸ್ಲೋ ಫ್ಯೋರ್ಡಿನ ಪಶ್ಚಿಮ ದಡದಲ್ಲಿ ಓಸ್ಗೋರ್ಡ್‌ಸ್ಟ್ರಾಂಡ್ ಅಂತ ಒಂದು ಪುಟ್ಟ ಊರಿದೆ. ಸಮುದ್ರ ಒಳನಾಡಿಗೆ ಕೈ ಚಾಚಿದ ಹಾಗಿರುವ ಜಾಗ. ಅಬ್ಬರದ ಅಲೆಗಳಿಲ್ಲ. ನೀರಿನಂಚಿನಲ್ಲಿ ಉರುಟು ಬಂಡೆಗಳು, ಅದರಾಚೆ ಬಾಗಿ ಬಾಗಿ ಹೋಗುವ ದಡ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಮಸುಕು ನೀಲಿ ಬೆಳಕು ನೀರಿನ ಮೇಲೆ ತುಂಬಾ ಹೊತ್ತು ನಿಂತಿರುತ್ತದೆ. ಮುಂಕ್ ಹಲವು ಬೇಸಿಗೆಗಳನ್ನು ಇಲ್ಲಿ ಕಳೆದ. 1898ರಲ್ಲಿ ಮೀನುಗಾರರ ಒಂದು ಹಳೇ ಪುಟ್ಟ ಮನೆಯನ್ನು ಕೊಂಡುಕೊಂಡ. ಅದು ಈಗ ಮ್ಯೂಸಿಯಂ ಆಗಿದೆ.

ಅವನ ಚಿತ್ರಗಳನ್ನು ನಾಲ್ಕಾರು ಒಟ್ಟಿಗೆ ನೋಡಿದವರಿಗೆ ಈ ದಂಡೆಯ ಗೆರೆ ತಕ್ಷಣ ಗುರುತು ಸಿಗುತ್ತದೆ. ಒಬ್ಬಂಟಿಯಾಗಿ ಕೂತು ಯೋಚಿಸುವವನ ಹಿಂದೆ ಅದೇ ಗೆರೆ. ಸಮುದ್ರಕ್ಕೆ ಮುಖ ಮಾಡಿ ನಿಂತ ಹೆಂಗಸಿನ ಮುಂದೆ ಅದೇ ಗೆರೆ. ಅದರ ಜೊತೆಗೆ ನೀರಿನ ಮೇಲೆ ನೆಟ್ಟಗೆ ನಿಂತ ಕಂಬದಂಥ ಬೆಳುದಿಂಗಳು. ನಿಜವಾದ ಬೆಳುದಿಂಗಳು ನೀರಿನ ಮೇಲೆ ಚೂರು ಚೂರಾಗಿ ನಡುಗುತ್ತದೆ, ಅಲ್ವಾ? ಮುಂಕನ ಬೆಳುದಿಂಗಳು ನಡುಗುವುದಿಲ್ಲ. ನೆಟ್ಟ ಗೂಟದ ಹಾಗೆ ನಿಲ್ಲುತ್ತದೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಮನಸ್ಸಿಗೆ ಕಂಡದ್ದನ್ನು ಬರೆಯುವುದು ಅಂದರೆ ಇದೇ. ಆಮೇಲೆ ಜರ್ಮನಿಯ ಹುಡುಗರು ಎಕ್ಸ್‌ಪ್ರೆಷನಿಸಂ ಅಂತ ಹೊರಟಾಗ ಈ ಮನುಷ್ಯ ಅವರಿಗೆ ಹಿರಿಯಣ್ಣನಾಗಿ ಕಂಡದ್ದು ಸುಮ್ನೆ ಅಲ್ಲ.

ಈ ದಂಡೆಯಲ್ಲಿ ಕುಣಿಯುವವರನ್ನು ಅವನು ಮೊದಲು ದೊಡ್ಡದಾಗಿ ಬರೆದದ್ದು 1899–1900ರಲ್ಲಿ, ‘ಬದುಕಿನ ನೃತ್ಯ’ ಅನ್ನುವ ಚಿತ್ರದಲ್ಲಿ. ಬಿಳಿ ಬಟ್ಟೆಯ ಹುಡುಗಿ ಒಂದು ಕಡೆ, ಕಪ್ಪು ಬಟ್ಟೆಯವಳು ಇನ್ನೊಂದು ಕಡೆ, ನಡುವೆ ಕೆಂಪು ಬಟ್ಟೆಯವಳ ಜೊತೆ ಕುಣಿಯುವ ಗಂಡಸು. 1906ರ ಉದ್ದ ಚಿತ್ರದಲ್ಲಿ ಅದೇ ಕುಣಿತ ಸಡಿಲವಾಗಿದೆ, ಹರಡಿಕೊಂಡಿದೆ. ಮುಂಭಾಗದಲ್ಲಿರುವ ಹೆಂಗಸರು ಮಿಲ್ಲಿ ಥೌಲೋ ಮತ್ತು ಟುಲ್ಲಾ ಲಾರ್ಸನ್ ಅಂತ ಗುರುತಿಸುತ್ತಾರೆ. ಮಿಲ್ಲಿ ಅವನ ಮೊದಲ ಪ್ರೀತಿ, ಮದುವೆಯಾಗಿದ್ದವಳು. ಟುಲ್ಲಾ ಜೊತೆಗಿನ ಸಂಬಂಧ 1902ರಲ್ಲಿ ಇದೇ ಓಸ್ಗೋರ್ಡ್‌ಸ್ಟ್ರಾಂಡಿನಲ್ಲಿ ಪಿಸ್ತೂಲಿನ ಗುಂಡಿನೊಂದಿಗೆ ಮುಗಿಯಿತು. ಮುಂಕನ ಎಡಗೈಯ ಒಂದು ಬೆರಳಿಗೆ ಗುಂಡು ಬಿತ್ತು. ನಾಲ್ಕು ವರ್ಷದ ಮೇಲೆ ಅವಳನ್ನೇ ಅದೇ ದಂಡೆಯಲ್ಲಿ ತಂದು ನಿಲ್ಲಿಸಿ ಬಣ್ಣ ಹಚ್ಚಿದ್ದಾನೆ. ಮರೆಯುವ ಜಾತಿಯ ಮನುಷ್ಯ ಅಲ್ಲ.

ಬಣ್ಣ ಹಚ್ಚಿದ ರೀತಿಯನ್ನೂ ಹೇಳಬೇಕು. ಎಣ್ಣೆ ಬಣ್ಣ ಅಲ್ಲ, ಟೆಂಪೆರಾ, ಅಂದರೆ ನೀರಿನಲ್ಲಿ ಕರಗುವ ಅಂಟಿನಲ್ಲಿ ಕಲಸಿದ ಬಣ್ಣ. ಕ್ಯಾನ್ವಾಸಿಗೆ ಮೊದಲು ಬಳಿಯುವ ಬಿಳಿ ಲೇಪವೂ ಇಲ್ಲ. ಬರೀ ಬಟ್ಟೆಯ ಮೇಲೆ ತೆಳುವಾಗಿ ಬಣ್ಣ. ಹಾಗಾಗಿ ಹೊಳಪಿಲ್ಲ. ಬಣ್ಣ ನೂಲಿನೊಳಗೆ ಇಳಿದು ಸುಣ್ಣದ ಗೋಡೆಯ ಹಾಗೆ ಮಂಕಾಗಿ ಕೂತಿರುತ್ತದೆ. ಹತ್ತಿರ ಹೋದರೆ ಬಟ್ಟೆಯ ನೇಯ್ಗೆಯೇ ಕಾಣುತ್ತದೆ. ಗೋಡೆಗೆ ಅಂತಲೇ ಬರೆದ ಚಿತ್ರ ತಾನೇ, ಗೋಡೆಯ ಹಾಗೇ ಇರಲಿ ಅಂತ.

ಯಾವ ಗೋಡೆ? ಬರ್ಲಿನ್ನಿನ ಡಾಯ್ಚೆಸ್ ಥಿಯೇಟರಿನ ನಿರ್ದೇಶಕ ಮಾಕ್ಸ್ ರೈನ್‌ಹಾರ್ಟ್ 1906ರಲ್ಲಿ ಪಕ್ಕದಲ್ಲೇ ಒಂದು ಸಣ್ಣ ರಂಗಮಂದಿರ ತೆರೆದ. ಹೆಸರು ಕಾಮರ್‌ಶ್ಪೀಲೆ. ಮೊದಲ ನಾಟಕ ಇಬ್ಸೆನ್ನನ ‘ಗೋಸ್ಟ್ಸ್’. ಇಬ್ಸೆನ್ ತೀರಿಕೊಂಡು ಆಗ ಆರು ತಿಂಗಳೂ ಆಗಿರಲಿಲ್ಲ. ನಾಟಕದ ರಂಗಸಜ್ಜಿಕೆಗೆ ಬೇಕಾದ ಚಿತ್ರಗಳನ್ನು ಮುಂಕ್ ಬರೆದುಕೊಟ್ಟ. ಜೊತೆಗೆ ಮೇಲಿನ ಮಹಡಿಯ ಒಂದು ಹಾಲಿನ ಸುತ್ತ ಓಡುವ ಚಿತ್ರಮಾಲೆಯನ್ನೂ ಬರೆದ. ಒಟ್ಟು ಹನ್ನೆರಡು ಪಟ್ಟಿ, ಎಲ್ಲದರ ಹಿನ್ನೆಲೆಯಲ್ಲೂ ಅದೇ ದಂಡೆ. ಕೋಣೆಯ ನಡುವೆ ನಿಂತರೆ ಸುತ್ತಲೂ ಓಸ್ಗೋರ್ಡ್‌ಸ್ಟ್ರಾಂಡ್ ಇದ್ದ ಹಾಗೆ. ಆ ಏರ್ಪಾಡು ಹೆಚ್ಚು ದಿನ ಬಾಳಲಿಲ್ಲ. 1912ರಲ್ಲಿ ಥಿಯೇಟರನ್ನು ಹೊಸದು ಮಾಡುವಾಗ ಪಟ್ಟಿಗಳನ್ನು ಬಿಚ್ಚಿದರು. ಒಂದೊಂದು ಒಂದೊಂದು ಕಡೆ ಹೋಯಿತು. ನೃತ್ಯದ ಪಟ್ಟಿ ಕುರ್ಟ್ ಗ್ಲಾಸರನ ಕೈ ಸೇರಿತು.

ಗ್ಲಾಸರ್ ಯಾರು ಅಂತ ತಿಳಿಯದಿದ್ದರೆ ಮುಂದಿನದು ಬರೀ ಕೋರ್ಟು ಕಾಗದದ ಕತೆಯಾಗುತ್ತದೆ. 1879ರಲ್ಲಿ ಹುಟ್ಟಿದವನು. ಓದಿದ್ದು ಮೊದಲು ವೈದ್ಯಕೀಯ, ಆಮೇಲೆ ಕಲಾ ಇತಿಹಾಸ. ಬರ್ಲಿನ್ನಿನ ಸರ್ಕಾರಿ ಮ್ಯೂಸಿಯಂನಲ್ಲಿ ಕೆಲಸ, 1924ರಿಂದ ಅಲ್ಲಿನ ಕಲಾ ಗ್ರಂಥಾಲಯದ ನಿರ್ದೇಶಕ. ಮುಂಕನ ಬಗ್ಗೆ ಜರ್ಮನ್ ಭಾಷೆಯಲ್ಲಿ 1917ರಲ್ಲೇ ಒಂದು ಪುಸ್ತಕ ಬರೆದಿದ್ದ. ಹೆಂಡತಿ ಎಲ್ಸಾ. 1913ರಲ್ಲಿ ಮುಂಕ್ ಈ ದಂಪತಿಯನ್ನು ಜೋಡಿಯಾಗಿಯೂ ಬರೆದಿದ್ದಾನೆ, ಎಲ್ಸಾಳನ್ನು ಒಬ್ಬಳನ್ನೇ ಕೂರಿಸಿಯೂ ಬರೆದಿದ್ದಾನೆ. ಇವರ ಮನೆಯಲ್ಲಿ ಸೋಮವಾರ ಕಲಾವಿದರು, ಬರಹಗಾರರು ಸೇರುತ್ತಿದ್ದರು. ಅಂದರೆ ಇವನು ಚಿತ್ರವನ್ನು ಹೂಡಿಕೆ ಅಂತ ಕೊಂಡ ಗಿರಾಕಿ ಅಲ್ಲ. ಬರೆದವನಿಗೂ ಇವರಿಗೂ ಮನೆಮಂದಿಯ ಹಾಗೆ ಒಡನಾಟ ಇತ್ತು.

1932ರ ಬೇಸಿಗೆಯಲ್ಲಿ ಎಲ್ಸಾ ತೀರಿಕೊಂಡಳು. ಮುಂದಿನ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್‌ನಲ್ಲಿ ಗ್ಲಾಸರನನ್ನು ಕೆಲಸದಿಂದ ದೂರ ಇಟ್ಟರು. ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ಅದೇ ತಿಂಗಳ 7ರಂದು ಬಂತು. ಅವನಿದ್ದ ಮನೆ ಪ್ರಿನ್ಸ್ ಆಲ್ಬ್ರೆಕ್ಟ್ ಬೀದಿಯ 8ನೇ ನಂಬರಿನಲ್ಲಿತ್ತು. ಆ ಕಟ್ಟಡ ಗೆಸ್ಟಾಪೋಗೆ ಬೇಕಾಯಿತು. ಸೋಮವಾರದ ಕೂಟ ನಡೆಯುತ್ತಿದ್ದ ವಿಳಾಸ ಮುಂದೆ ಇಡೀ ಯುರೋಪಿಗೆ ನಡುಕ ಹುಟ್ಟಿಸಿದ ರಹಸ್ಯ ಪೊಲೀಸರ ಮುಖ್ಯ ಕಚೇರಿಯಾಯಿತು. ಹೆಂಡತಿ, ಕೆಲಸ, ಮನೆ, ಮೂರೂ ಒಂದು ವರ್ಷದೊಳಗೆ ಹೋದವು. ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಎರಡು ಹರಾಜು ಮಾಡಿ ಅವನು ತನ್ನ ಸಂಗ್ರಹ, ಪುಸ್ತಕ, ಪೀಠೋಪಕರಣಗಳ ಬಹುಪಾಲನ್ನು ಮಾರಿದ. ಆ ಬೇಸಿಗೆಯಲ್ಲೇ ಜರ್ಮನಿ ಬಿಟ್ಟ. ಸ್ವಿಟ್ಜರ್ಲೆಂಡ್, ಇಟಲಿ ದಾಟಿ 1941ರಲ್ಲಿ ಅಮೆರಿಕ ಸೇರಿ, 1943ರಲ್ಲಿ ಅಲ್ಲೇ ತೀರಿಕೊಂಡ.

ಮುಂಕನ ಚಿತ್ರವೂ ಕೈಬಿಟ್ಟಿತು. 1934ರ ಜನವರಿಯಲ್ಲಿ ಅದು ಓಸ್ಲೋದ ಹರಾಜಿನಲ್ಲಿತ್ತು. ಕೊಂಡವನು ಹಡಗಿನ ಮಾಲೀಕ ಥಾಮಸ್ ಓಲ್ಸನ್. ಹ್ವಿಟ್‌ಸ್ಟೆನ್ ಎಂಬ ಊರಿನಲ್ಲಿ ಮುಂಕನ ನೆರೆಯವನು, ಮುಂಕನ ಚಿತ್ರಗಳೆಂದರೆ ಪ್ರಾಣ.

ಇಲ್ಲಿಂದ ಮುಂದಿನದು ಕತೆ ಕಟ್ಟಿದ ಹಾಗಿದೆ, ಆದರೆ ನಿಜ. 1938ರಲ್ಲಿ ಓಲ್ಸನ್ ಕಂಪನಿಯ ‘ಬ್ಲ್ಯಾಕ್ ವಾಚ್’ ಎಂಬ ಹೊಸ ಪ್ರಯಾಣಿಕರ ಹಡಗು ನೀರಿಗಿಳಿಯಿತು. ಓಸ್ಲೋದಿಂದ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಅದರ ಓಡಾಟ. ಅದರ ಮೊದಲ ದರ್ಜೆಯ ಲೌಂಜಿನಲ್ಲಿ ಓಲ್ಸನ್ ಈ ಚಿತ್ರವನ್ನು ಹಾಕಿಸಿದ. ಕಡಲ ದಂಡೆಯ ಚಿತ್ರ ಕಡಲ ಮೇಲೆ ತೇಲಿತು! ಓಸ್ಲೋದಿಂದ ಹೊರಟ ಹಡಗು ತೆರೆದ ಸಮುದ್ರ ಸೇರಲು ಓಸ್ಲೋ ಫ್ಯೋರ್ಡಿನಲ್ಲೇ ಹೋಗಬೇಕು. ಓಸ್ಗೋರ್ಡ್‌ಸ್ಟ್ರಾಂಡ್ ಇರುವುದೂ ಅದೇ ಫ್ಯೋರ್ಡಿನ ದಡದಲ್ಲಿ. ಅಂದರೆ ಪ್ರತಿ ಟ್ರಿಪ್ಪಿಗೂ ಚಿತ್ರ ತನ್ನ ಸ್ವಂತ ದಂಡೆಯ ಮುಂದೆಯೇ ಹಾದು ಹೋಗುತ್ತಿತ್ತು. ಲೌಂಜಿನಲ್ಲಿ ಕಾಫಿ ಕುಡಿಯುತ್ತಾ ಕೂತವರಿಗೆ ಇದು ಹೊಳೆದಿತ್ತೋ ಇಲ್ಲವೋ.

1939ರಲ್ಲಿ ಯುದ್ಧ ಶುರುವಾಯಿತು. ಓಲ್ಸನ್ ಚಿತ್ರವನ್ನು ಹಡಗಿನಿಂದ ಇಳಿಸಿ, ತನ್ನ ಬೇರೆ ಮುಂಕ್ ಚಿತ್ರಗಳ ಜೊತೆ ಕಾಡಿನ ನಡುವಿನ ಒಂದು ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಮುಂಕ್ ಸ್ವತಃ ಬರೆದ ‘ದಿ ಸ್ಕ್ರೀಮ್’ ಚಿತ್ರದ ಒಂದು ಪ್ರತಿಯೂ ಅಲ್ಲೇ ಇತ್ತು. 1940ರಲ್ಲಿ ಜರ್ಮನ್ನರು ನಾರ್ವೆಗೆ ನುಗ್ಗಿದರು. ಇದೇ ಆಡಳಿತ 1937ರಲ್ಲಿ ಜರ್ಮನಿಯ ಮ್ಯೂಸಿಯಂಗಳಿಂದ ಮುಂಕನ 82 ಕೃತಿಗಳನ್ನು ‘ಕೆಟ್ಟುಹೋದ ಕಲೆ’ ಅಂತ ಕಿತ್ತುಹಾಕಿತ್ತು. ಹಾಗಾಗಿ ಬಚ್ಚಿಟ್ಟದ್ದು ಅತಿಯಾದ ಭಯವೇನೂ ಅಲ್ಲ. ‘ಬ್ಲ್ಯಾಕ್ ವಾಚ್’ ಹಡಗನ್ನು ಜರ್ಮನ್ ನೌಕಾಪಡೆ ಎತ್ತಿಕೊಂಡಿತು. 1945ರ ಮೇ 4ರಂದು, ಯುದ್ಧ ಮುಗಿಯಲು ನಾಲ್ಕೇ ದಿನ ಇದ್ದಾಗ, ಬ್ರಿಟಿಷ್ ವಿಮಾನಗಳು ಉತ್ತರ ನಾರ್ವೆಯಲ್ಲಿ ಅದನ್ನು ಮುಳುಗಿಸಿದವು. ಚಿತ್ರ ಲೌಂಜಿನಲ್ಲೇ ಉಳಿದಿದ್ದರೆ ಇವತ್ತು ಹೇಳಲು ಪ್ರಕರಣವೇ ಇರುತ್ತಿರಲಿಲ್ಲ. ಓಲ್ಸನ್ ಮನೆಯವರ ಲೆಕ್ಕದಲ್ಲಿ ಇದನ್ನು ಬರೆದುಕೊಳ್ಳಲೇಬೇಕು. ಚಿತ್ರವನ್ನು ಉಳಿಸಿದವರು ಅವರು.

ಈಗ ಮೊದಲ ಪ್ರಶ್ನೆಗೆ ಬರೋಣ. ಗ್ಲಾಸರ್ ಮಾರಿದ, ಅದಕ್ಕೆ ದುಡ್ಡು ಬಂತು. ಮತ್ತೇನು ತಕರಾರು?

ನಮ್ಮ ಕ್ರಯಪತ್ರಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬರೆದುಕೊಟ್ಟದ್ದು ಅಂತ. ಬರಹಗಾರರು ಅದನ್ನು ಯೋಚಿಸದೆ ಹೊಡೆದುಕೊಂಡು ಹೋಗುತ್ತಾರೆ, ನಾವೂ ಓದದೆ ಸಹಿ ಹಾಕುತ್ತೇವೆ. ಗ್ಲಾಸರ್ ಪ್ರಕರಣ ನಿಂತಿರುವುದು ಆ ಒಂದು ಸಾಲಿನ ಮೇಲೆ. ಯಾರೂ ಅವನ ತಲೆಗೆ ಪಿಸ್ತೂಲು ಇಟ್ಟು ಮಾರಿಸಲಿಲ್ಲ. ಆದರೆ ಆ ಏಪ್ರಿಲ್, ಆ ಮೇ ಇಲ್ಲದಿದ್ದರೆ ಮಾರುತ್ತಿದ್ದನೇ?

ಇದಕ್ಕೆ ಸಾಕ್ಷಿಯಾಗಿ ಒಂದು ಕಾಗದ ಇದೆ. 1933ರ ಮೇ ತಿಂಗಳಲ್ಲಿ ಗ್ಲಾಸರ್ ಸ್ವತಃ ಮುಂಕನಿಗೆ ಬರೆದದ್ದು. ಇರುವ ಆಸ್ತಿಯನ್ನೆಲ್ಲ ಕಳಚಿಕೊಂಡಿದ್ದೇನೆ, ಹೊಸದಾಗಿ ಬದುಕು ಶುರು ಮಾಡಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಒಂದು ಕಡೆಯಿಂದ ಓದಿದರೆ ಇದು ಹೆಂಡತಿ ಸತ್ತ ಮೇಲೆ ಹಳೇ ಮನೆ ಬಿಟ್ಟು ಹೊರಟ ಮನುಷ್ಯನ ಮಾತು. ಆ ಮೇ ತಿಂಗಳಲ್ಲೇ ಅವನು ಇನ್ನೊಂದು ಮದುವೆಯೂ ಆದ. ಇನ್ನೊಂದು ಕಡೆಯಿಂದ ಓದಿದರೆ, ಕೆಲಸ ಮನೆ ಎರಡೂ ಕಿತ್ತುಕೊಂಡ ಮೇಲೆ ಮಾನ ಉಳಿಸಿಕೊಂಡು ಗೆಳೆಯನಿಗೆ ಬರೆಯುವ ಕಾಗದ ಇನ್ನು ಹೇಗಿರಬೇಕು?

ಎರಡೂ ಓದು ನಡೆದಿವೆ. ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿ ಗ್ಲಾಸರನ ಮೇ ಹರಾಜಿನಿಂದ ಬಂದ ಎಂಟು ರೇಖಾಚಿತ್ರಗಳಿವೆ. ವಾರಸುದಾರರು ಕೇಳಿದಾಗ, ನಾಜಿ ಕಾಲದಲ್ಲಿ ಕೈತಪ್ಪಿದ ಕಲಾಕೃತಿಗಳ ತಕರಾರು ನೋಡುವ ಬ್ರಿಟನ್ನಿನ ಸಮಿತಿ 2009ರಲ್ಲಿ ತೀರ್ಮಾನ ಹೇಳಿತು. ಮಾರಾಟಕ್ಕೆ ಮುಖ್ಯ ಕಾರಣ ನಾಜಿಗಳ ಕಿರುಕುಳವೇ ಹೌದು, ಆದರೆ ಆಗಿನ ಮಾರುಕಟ್ಟೆ ಬೆಲೆ ಸಿಕ್ಕಿದೆ, ಆದ್ದರಿಂದ ಚಿತ್ರಗಳು ಗ್ಯಾಲರಿಯಲ್ಲೇ ಇರಲಿ ಅಂತ. ಪ್ರದರ್ಶನಕ್ಕೆ ಇಟ್ಟಾಗ ಹಿನ್ನೆಲೆಯನ್ನು ತಿಳಿಸಬೇಕು ಅಂತಲೂ ಹೇಳಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮ್ಯೂಸಿಯಂ ಅದೇ ಮೇ ಹರಾಜಿನಲ್ಲಿ ಸುಮಾರು 200 ರೇಖಾಚಿತ್ರ, ಮುದ್ರಣಚಿತ್ರಗಳನ್ನು ಕೊಂಡಿತ್ತು. ಮುಂಕನ ‘ಮಡೋನ್ನಾ’ದ ಕಲ್ಲಚ್ಚು ಪ್ರತಿ ಅವುಗಳಲ್ಲೊಂದು. 2008ರಲ್ಲಿ ಅವರೂ ಇಲ್ಲ ಅಂದರು. ಆಮೇಲೆ ಹಳೇ ಕಡತಗಳು ಹೊರಬಂದವು. ಯಾರ ಸಂಗ್ರಹ ಅಂತ ಕೊಳ್ಳುವಾಗಲೇ ಮ್ಯೂಸಿಯಂನವರಿಗೆ ಗೊತ್ತಿತ್ತು, ಬರ್ಲಿನ್ನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ ಅನ್ನುವುದೂ ಗೊತ್ತಿತ್ತು. 2020ರಲ್ಲಿ ವಾರಸುದಾರರ ಜೊತೆ ರಾಜಿಯಾಯಿತು. ಕೃತಿಗಳು ಬಾಸೆಲ್‌ನಲ್ಲೇ ಉಳಿದವು, ವಾರಸುದಾರರಿಗೆ ಪರಿಹಾರ ಸಿಕ್ಕಿತು, ಗ್ಲಾಸರನ ಬಗ್ಗೆ 2022ರಲ್ಲಿ ಒಂದು ದೊಡ್ಡ ಪ್ರದರ್ಶನವೂ ನಡೆಯಿತು. ಒಬ್ಬನೇ ಮನುಷ್ಯ, ಒಂದೇ ತಿಂಗಳ ಮಾರಾಟ. ಲಂಡನ್ನಿನಲ್ಲಿ ಒಂದು ನ್ಯಾಯ, ಬಾಸೆಲ್‌ನಲ್ಲಿ ಇನ್ನೊಂದು.

ನನ್ನ ಅಭಿಪ್ರಾಯ ಕೇಳಿದರೆ, ಲಂಡನ್ ಸಮಿತಿಯ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಮಾರುಕಟ್ಟೆ ಬೆಲೆ ಸಿಕ್ಕಿತು ಅನ್ನುತ್ತಾರೆ. ಊರೇ ಖಾಲಿ ಮಾಡಿಕೊಂಡು ಓಡುವವರು ಸಾಲುಗಟ್ಟಿ ಮಾರುವಾಗ ಮಾರುಕಟ್ಟೆ ಬೆಲೆ ಅಂದರೆ ಏನು? ಬೆಲೆ ಸರಿಯಿತ್ತು ಅಂತಲೇ ಇಟ್ಟುಕೊಂಡರೂ, ಮಾರಲೇಬೇಕಾಗಿ ಬಂದದ್ದೇ ಅನ್ಯಾಯ ಅಲ್ವಾ?

ಓಲ್ಸನ್ ಮನೆಯ ವಿಷಯ ಇನ್ನೂ ತೊಡಕಿನದು. ಲೂಟಿಯಾದ ಕಲಾಕೃತಿಗಳ ಬಗ್ಗೆ 1998ರಲ್ಲಿ ವಾಷಿಂಗ್ಟನ್ನಿನಲ್ಲಿ 44 ದೇಶಗಳು ಸೇರಿ ಒಪ್ಪಿದ ತತ್ವಗಳಿವೆ. ನ್ಯಾಯವಾದ, ಎರಡೂ ಕಡೆಗೆ ಸರಿಹೋಗುವ ಪರಿಹಾರ ಹುಡುಕಿ ಅನ್ನುವುದು ಅದರ ತಿರುಳು. ಆದರೆ ಅದು ಕಾನೂನಲ್ಲ. ಮುಖ್ಯವಾಗಿ ಸರ್ಕಾರಿ ಸಂಗ್ರಹಗಳಿಗೆ ಹೇಳಿದ್ದು, ಖಾಸಗಿ ಮನೆಯವರನ್ನು ಕಟ್ಟಿಹಾಕುವುದಿಲ್ಲ. ಬರ್ಲಿನ್ನಿನಲ್ಲಿ ಆದ ಅನ್ಯಾಯಕ್ಕೂ ಓಸ್ಲೋದ ಹರಾಜಿಗೂ ನಡುವೆ ಒಂದು ದೇಶದ ಗಡಿ, ಆ ಹರಾಜಾಗಿ ಎಂಬತ್ತೊಂಬತ್ತು ವರ್ಷ ಬೇರೆ ಕಳೆದಿತ್ತು. ‘ನಾವು ದುಡ್ಡು ಕೊಟ್ಟಿದ್ದೇವೆ’ ಅಂತ ಓಲ್ಸನ್ನರು ಸುಮ್ಮನಿರಬಹುದಿತ್ತು.

ಒಂದು ಸಲ ಹೆಚ್ಚುಕಡಿಮೆ ಹಾಗೇ ಮಾಡಿದ್ದರು. ಕೊಟ್ಟಿಗೆಯಲ್ಲಿ ಜೊತೆಗಿದ್ದ ‘ದಿ ಸ್ಕ್ರೀಮ್’ ಹಿಂದೆ ಬರ್ಲಿನ್ನಿನ ಹ್ಯೂಗೋ ಸಿಮೋನ್ ಎಂಬ ಯಹೂದಿ ಬ್ಯಾಂಕರನದ್ದು. ಅವನೂ 1933ರಲ್ಲಿ ಓಡಿಹೋದವನೇ. ಚಿತ್ರ 1937ರ ಹೊತ್ತಿಗೆ ಓಲ್ಸನ್ ಕೈಗೆ ಬಂತು. 2012ರ ಮೇ 2ರಂದು ಥಾಮಸನ ಮಗ ಪೆಟ್ಟರ್ ಓಲ್ಸನ್ ಅದನ್ನು ನ್ಯೂಯಾರ್ಕಿನಲ್ಲಿ ಸುಮಾರು 12 ಕೋಟಿ ಡಾಲರಿಗೆ ಮಾರಿದ. ಹರಾಜಿನಲ್ಲಿ ಅಲ್ಲಿಯವರೆಗೆ ಯಾವ ಚಿತ್ರಕ್ಕೂ ಅಷ್ಟು ಬಂದಿರಲಿಲ್ಲ. ಸಿಮೋನನ ವಂಶಸ್ಥರು ತಕರಾರು ತೆಗೆದರು. ನೀವು ಹೇಳಿದ ಸಂಸ್ಥೆಗೆ ಎರಡೂವರೆ ಲಕ್ಷ ಡಾಲರ್ ದಾನ ಕೊಡುತ್ತೇನೆ ಅಂದ ಪೆಟ್ಟರ್. ಅವರು ಬೇಡ ಅಂದರು. ಅಲ್ಲಿಗೆ ಮಾತು ನಿಂತಿತು.

ಹನ್ನೊಂದು ವರ್ಷದ ಮೇಲೆ ಅದೇ ಮನೆ, ಅದೇ ಕೊಟ್ಟಿಗೆಯಿಂದ ಬಂದ ಇನ್ನೊಂದು ಚಿತ್ರ. ಈ ಸಲ ಹರಾಜಿಗೆ ಮೊದಲೇ ಒಪ್ಪಂದ. ಮನಸ್ಸು ಬದಲಾಯಿತು ಅಂತ ಹೇಳಿಬಿಟ್ಟರೆ ಸುಲಭ, ಆದರೆ ಮಾರುಕಟ್ಟೆಯೂ ಬದಲಾಗಿತ್ತು. ಸೈಟು ಕೊಳ್ಳುವಾಗ ನಾವು ಇ.ಸಿ. ತೆಗೆಸಿ ಮೂವತ್ತು ವರ್ಷದ ಕೈಬದಲು ನೋಡುವುದಿಲ್ಲವೇ? ಚಿತ್ರಕ್ಕೂ ಅಂಥದ್ದೇ ವಂಶಾವಳಿ ಇರುತ್ತದೆ, ಯಾರಿಂದ ಯಾರಿಗೆ ಯಾವಾಗ ಹೋಯಿತು ಅಂತ. 1933ರಿಂದ 1945ರ ನಡುವೆ ಯಹೂದಿ ಮನೆಯೊಂದು ಆ ಪಟ್ಟಿಯಲ್ಲಿ ಕಾಣಿಸಿಕೊಂಡರೆ ದೊಡ್ಡ ಹರಾಜು ಮನೆಗಳು ಮೊದಲು ಅದನ್ನು ಇತ್ಯರ್ಥ ಮಾಡಿಕೊಂಡು ಬನ್ನಿ ಅನ್ನುತ್ತವೆ. ತಕರಾರು ಇರುವ ಸೊತ್ತಿಗೆ ಕೋಟಿ ಪೌಂಡ್ ಸುರಿಯುವವರು ಸಿಗುವುದಿಲ್ಲ. ಅಂದರೆ ಕೋರ್ಟು ಮಾಡದ ಕೆಲಸವನ್ನು ಗಿರಾಕಿಯ ಭಯ ಮಾಡಿಸುತ್ತದೆ. ಅದೇ ಸಂಜೆ ಅದೇ ಹರಾಜಿನಲ್ಲಿ ಕಾಂಡಿನ್ಸ್ಕಿಯ ಒಂದು ಊರಿನ ಚಿತ್ರ 3 ಕೋಟಿ 72 ಲಕ್ಷ ಪೌಂಡಿಗೆ ಹೋಯಿತು. ಅದು ಕೂಡ ನೆದರ್ಲೆಂಡ್ಸಿನ ಮ್ಯೂಸಿಯಂ ಒಂದು ಸ್ಟರ್ನ್ ಎಂಬ ಯಹೂದಿ ಕುಟುಂಬಕ್ಕೆ ಹಿಂದಿನ ವರ್ಷವಷ್ಟೇ ವಾಪಸ್ ಕೊಟ್ಟಿದ್ದ ಚಿತ್ರ.

ಗ್ಲಾಸರ್ ಒಪ್ಪಂದದಲ್ಲಿ ನನಗೆ ಹಿಡಿಸಿದ್ದು, ಯಾರನ್ನೂ ಕಳ್ಳ ಅನ್ನದೆ ಮುಗಿದದ್ದು. ಹಿಡಿಸದ್ದೂ ಒಂದಿದೆ. ದುಡ್ಡನ್ನು ಹಂಚಬೇಕಾದರೆ ಚಿತ್ರವನ್ನು ಮಾರಲೇಬೇಕು. ನಾಲ್ಕು ಮೀಟರ್ ಬಟ್ಟೆಯನ್ನು ಎರಡು ತುಂಡು ಮಾಡಲು ಬರುವುದಿಲ್ಲವಲ್ಲ. ಹಾಗಾಗಿ ನ್ಯಾಯ ಸಿಕ್ಕ ದಿನವೇ ಚಿತ್ರ ಮತ್ತೆ ಹರಾಜಿನ ಕಟ್ಟೆ ಹತ್ತಿತು. ಸಾರ್ವಜನಿಕ ಗೋಡೆಗೆ ಅಂತ ಬರೆದ ಚಿತ್ರಮಾಲೆಯಲ್ಲಿ ಖಾಸಗಿಯವರ ಕೈಯಲ್ಲಿ ಉಳಿದಿದ್ದದ್ದು ಇದೊಂದೇ ಪಟ್ಟಿ.

ಉಳಿದವು ಜರ್ಮನಿಯ ಮ್ಯೂಸಿಯಂಗಳಲ್ಲಿವೆ, ಹೆಚ್ಚಿನವು ಬರ್ಲಿನ್ನಿನ ನೋಯ ನಾಟ್ಸಿಯೊನಾಲ್‌ಗ್ಯಾಲರಿಯಲ್ಲಿ. ಆ ಪಟ್ಟಿಗಳಲ್ಲೂ ಅದೇ ಬಾಗಿದ ದಂಡೆ, ಅದೇ ಮಂಕು ಟೆಂಪೆರಾ. ಕುಣಿಯುವವರು ಮಾತ್ರ ಅಲ್ಲಿಲ್ಲ.